ಬಾನಿಯೊಳಗಿನ ಹೊಳೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಎರಡು ಕೋಣೆ, ಒಂದು ಪಡಸಾಲೆ, ಅಷ್ಟೇ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ.

ಗುರುವಿಗೆ ಸುತ್ತಲಿನ ಜನ ಹೊಳೆಯಜ್ಜ ಅನ್ನುತ್ತಿದ್ದರು. ಬೇರು, ತೊಗಟೆ, ಸೊಪ್ಪಿನ ಮದ್ದು ಕೊಡುವವರು. ಮದ್ದಿನ ಚೀಲ ಅವರ ಹೆಗಲು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ.

ಶಿಷ್ಯನ ಹೆಸರು ಅಡವಯ್ಯ. ಏಳು ವರ್ಷದಿಂದ ಅರೆದಿದ್ದ, ಕುಟ್ಟಿದ್ದ, ಸೋಸಿದ್ದ. ಆದರೆ ತಾನೇ ನೋಡಿ, ತಾನೇ ನಿಶ್ಚಯಿಸಿ, ಒಬ್ಬ ರೋಗಿಗೂ ಮದ್ದು ಕೊಟ್ಟಿರಲಿಲ್ಲ. ಅವನ ಕಣ್ಣೆಲ್ಲ ಆ ಚೀಲದ ಮೇಲೆ. ತಪ್ಪೇನಿಲ್ಲ ಬಿಡಿ. ಏಳು ವರ್ಷ ಅರೆದವನಿಗೆ ಅಷ್ಟು ಆಸೆಯೂ ಇರಬಾರದೆ?

ಒಂದು ಬೇಸಿಗೆಯ ಕೊನೆಗೆ ಊರವರು ದುರುಗಪ್ಪ ಎಂಬ ಮುದುಕನನ್ನು ಹೊರಸಿನ ಸಮೇತ ಹೊತ್ತು ತಂದರು. ನಲವತ್ತು ವರ್ಷ ಆ ಹೊಳೆಯಲ್ಲಿ ಹರಿಗೋಲು ಹಾಕಿದ ಅಂಬಿಗ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗಂಜಿ ತಂದರೆ ಬಾಯಿ ತೆರೆಯಲಿಲ್ಲ. ಮದ್ದು ತಂದರೆ ತುಟಿ ಬಿಗಿದ. ಮೂರು ದಿನ ಹೀಗೇ ಹೋಯಿತು.

"ಅಜ್ಜಾರ, ಮದ್ದು ಒಳಗ ಹೋಗವಲ್ದು," ಅಂದ ಅಡವಯ್ಯ. "ಹಿಂಗಾದ್ರ ಎಂಟ ದಿನಾ ತಡಿಯೂದಿಲ್ಲ."

"ಅಂವ ಯಾಕ ಗ್ವಾಡಿ ಕಡೆ ಮಾರಿ ಮಾಡ್ಯಾನ?"

"ಗೊತ್ತಿಲ್ರಿ. ಜೀವಕ್ಕ ಬ್ಯಾಸರಾಗಿರಬೇಕು."

"ಗ್ವಾಡಿ ಆಚೆ ಏನೈತಿ?"

ಅಡವಯ್ಯ ಹೊರಗೆ ಹೋಗಿ ಗೋಡೆಯ ಆಚೆ ನಿಂತು ನೋಡಿದ. ಹತ್ತು ಮಾರು ದೂರದಲ್ಲಿ ಹೊಳೆ ಹರಿಯುತ್ತಿತ್ತು. ಒಳಗೆ ಬಂದು ಹೇಳಿದ.

"ಹೊಳಿ ಐತ್ರಿ."

"ಅಂವ ಹೊಳಿಗೆ ಹೋಗಾಕ ಆಗೂದಿಲ್ಲ."

"ಹೌದ್ರಿ."

"ಹಂಗಾದ್ರ?"

ಇಷ್ಟು ಹೇಳಿ ಅಜ್ಜ ಎದ್ದು ಹೋದರು. ಅವರ ಅಭ್ಯಾಸವೇ ಅದು. ಅರ್ಧ ಮಾತು ತಾವು ಆಡುವುದು, ಉಳಿದರ್ಧ ಕೇಳಿದವನ ತಲೆಯ ಮೇಲೆ ಹೇರುವುದು.

ಹಾಗಾದರೆ ಹೊಳೆಯೇ ಅವನ ಹತ್ತಿರ ಬರಬೇಕು ಅಂದುಕೊಂಡ ಅಡವಯ್ಯ. ಹಿತ್ತಲಲ್ಲಿ ಒಂದು ಕಲ್ಲಿನ ಬಾನಿ ಇತ್ತು. ಹಿಂದೆ ದನ ನೀರು ಕುಡಿಯುತ್ತಿದ್ದದ್ದು. ಅಡವಯ್ಯ ನಾಲ್ಕು ಜನರನ್ನು ಕರೆದು, ಹಾರೆ ಹಾಕಿ ಉರುಳಿಸಿ, ಅದನ್ನು ಪಡಸಾಲೆಗೆ ತಂದು ದುರುಗಪ್ಪನ ಹೊರಸಿಗೆ ತಗುಲುವಂತೆ ಇರಿಸಿದ. ತುಂಬ ಹೊಳೆಯ ನೀರು ಹೊಯ್ದ. ಬರೀ ನೀರು ನೋಡಿ ಯಾರಿಗೆ ಖುಷಿ? ಏಡಿ ಹಿಡಿದು ಬಿಡೋಣ ಅನ್ನಿಸಿತು.

ಆಶ್ರಮದ ಮುಂದೆಯೇ ಪಾತ್ರೆ ತಿಕ್ಕುವ ಕಲ್ಲಿತ್ತು. ತಾಮ್ರದ ಕೊಡ, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದದ್ದು ಅಲ್ಲೇ. ಅಡವಯ್ಯ ಮೊದಲು ಅಲ್ಲಿ ಹುಡುಕಿದ. ಒಂದು ಏಡಿಯೂ ಇರಲಿಲ್ಲ. ದೂರ ಮೇಲಕ್ಕೆ, ಜೊಂಡು ಬೆಳೆದ ಕಡೆ ಹೋದ. ಕಲ್ಲಿಗೊಂದರಂತೆ ಐದು ಸಿಕ್ಕವು. ತಂದು ಬಾನಿಗೆ ಬಿಟ್ಟ.

ಬೆಳಿಗ್ಗೆ ನೋಡಿದರೆ ಐದೂ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿದ್ದವು, ಮೇಲಿನದು ಬಾನಿಯ ಅಂಚಿಗೆ ಕೊಂಡಿ ಹಾಕಿ ಒದ್ದಾಡುತ್ತಿತ್ತು.

"ತಪ್ಪಿಸ್ಕೊಂಡು ಹೋಗಾಕ ನೋಡ್ತಾವ್ರಿ," ಅಂದ ಅಡವಯ್ಯ.

ಅಜ್ಜ ಬಾನಿಯೊಳಗೆ ಬಗ್ಗಿ ನೋಡಿದರು.

"ಹೊಳಿಗೆ ದಂಡಿ ಇಲ್ಲೇನು ತಮ್ಮಾ?"

ಅಡವಯ್ಯನಿಗೆ ನಾಚಿಕೆಯಾಯಿತು. ಅರ್ಧ ನೀರು ತೆಗೆದ. ಒಂದು ಕಡೆ ಜೇಡಿ, ಮರಳು ಕಲೆಸಿ ಇಳಿಜಾರು ಮಾಡಿದ. ಅದರ ಮೇಲೆ ಒಂದೆಲಗ ನೆಟ್ಟ. ನೀರು ಮಣ್ಣು ಕೂಡುವಲ್ಲಿ ಬಜೆಯ ಗಡ್ಡೆ ಹೂತ. ಒಡೆದ ಗಡಿಗೆಯ ಹೋಳುಗಳನ್ನು ಬೋರಲು ಹಾಕಿ ಗವಿ ಮಾಡಿಕೊಟ್ಟ. ಮೇಲೆ ಬಿದಿರಿನ ಜಾಲರಿ ಮುಚ್ಚಿದ. ಏಡಿಗಳು ಮೆಲ್ಲಗೆ ದಂಡೆ ಹತ್ತಿದವು, ನೀರಿಗೆ ಇಳಿದವು, ಮತ್ತೆ ಹತ್ತಿದವು.

ಅವುಗಳ ಕಾಲಿನ ಸಪ್ಪಳಕ್ಕೆ ದುರುಗಪ್ಪ ಮುಖ ತಿರುಗಿಸಿದ.

ಒಂದು ತಾಸು ಹಾಗೇ ನೋಡಿದ. ಮಧ್ಯಾಹ್ನ ಗಂಜಿ ತಂದಾಗ ಬಾಯಿ ತೆರೆದ. ಅಡವಯ್ಯ ತುತ್ತು ಎಣಿಸಿದ. ಒಂಬತ್ತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

"ಅಜ್ಜಾರ, ಉಂಡ!"

"ಏಡಿ ಬದುಕಿದ್ರ ಅಂವ ಬದುಕ್ತಾನ," ಅಂದರು ಅಜ್ಜ. "ಎಡಗೈ ಇನ್ನೂ ಐತಿ. ತನ್ನ ಕೈಲೆ ತಾ ಒಂದು ತುತ್ತು ಉಂಡ ದಿನ ಬಂದು ಚೀಲ ಕೇಳು."

ಏಳು ವರ್ಷದಲ್ಲಿ ಅಜ್ಜ ಚೀಲದ ಮಾತೆತ್ತಿದ್ದು ಅದೇ ಮೊದಲು. ಅಡವಯ್ಯನಿಗೆ ಆ ರಾತ್ರಿ ಕಣ್ಣು ಹತ್ತಲಿಲ್ಲ.

ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೆಯ ದಿನ ಮೇಲೆಲ್ಲೋ ಮಳೆ ಹೊಡೆದು ಹೊಳೆಗೆ ಕೆಂಪು ನೀರು ಬಂತು. ಬಾನಿಗೆ ನೀರು ತರಲು ಹೋದ ಅಡವಯ್ಯ ಮಣ್ಣಿನ ಕೊಡದಲ್ಲಿ ರಾಡಿ ತುಂಬಿದ್ದು ನೋಡಿ ಮುಖ ಕಿವುಚಿದ.

ಆಶ್ರಮದಲ್ಲಿ ರೋಗಿಗಳಿಗೆ ಕುಡಿಯಲು ತಾಮ್ರದ ಕೊಡದಲ್ಲಿ ನೀರು ತುಂಬಿ ಇಡುವ ವಾಡಿಕೆ. ಸಂಜೆ ಕೊಡವನ್ನು ಹುಣಸೆಹಣ್ಣಿನಿಂದ ಥಳಥಳ ಬೆಳಗುವುದು, ಬಾವಿಯ ನೀರು ತುಂಬುವುದು, ಬೆಳಗಿನವರೆಗೆ ಇಡುವುದು. ಅದಕ್ಕಿಂತ ಶುದ್ಧವಾದ ನೀರು ಉಂಟೆ? ಜ್ವರದವರು ಕುಡಿದು ಎದ್ದಿದ್ದಾರೆ. ಏಡಿಗಳಿಗೂ ಅದನ್ನೇ ಕೊಡೋಣ ಎಂದುಕೊಂಡ.

ಬಾನಿಯ ಹಳೆಯ ನೀರನ್ನೆಲ್ಲ ತೋಡಿ ಚೆಲ್ಲಿ, ತಾಮ್ರದ ಕೊಡದ ನೀರು ಹೊಯ್ದ. ನೀರು ಕನ್ನಡಿಯಂತೆ ತಿಳಿಯಾಯಿತು. ತಳದ ಮರಳು ಎಣಿಸಬಹುದಿತ್ತು.

"ನೋಡು ಕಾಕಾ, ಹೆಂಗೈತಿ!" ಅಂದ.

ದುರುಗಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಮೆಚ್ಚಿದನೆಂದು ಅಡವಯ್ಯ ನಕ್ಕ.

ಎರಡು ದಿನಕ್ಕೆ ಒಂದು ಏಡಿ ಬೆನ್ನಡಿಯಾಗಿ ತೇಲಿತು.

ಅಡವಯ್ಯ ಬಾನಿಗೆ ಕೈ ಹಾಕಿದ. ದುರುಗಪ್ಪನ ಕಣ್ಣಿಗೆ ಬೀಳದಂತೆ ಎತ್ತಬೇಕೆಂದು ನೋಡಿದ. ದುರುಗಪ್ಪ ಆಗಲೇ ನೋಡುತ್ತಿದ್ದ. ಆ ಮಧ್ಯಾಹ್ನ ನಾಲ್ಕೇ ತುತ್ತು ಉಂಡ.

ನೀರು ಹೊಲಸಾಗಿರಬೇಕು ಅನ್ನಿಸಿತು ಅಡವಯ್ಯನಿಗೆ. ದಿನಕ್ಕೊಮ್ಮೆ ಬದಲಿಸುತ್ತಿದ್ದವನು ಎರಡು ಸಲ ಬದಲಿಸತೊಡಗಿದ. ಕೊಡವನ್ನು ಇನ್ನೂ ಚೆನ್ನಾಗಿ ತಿಕ್ಕಿದ.

ಮಾರನೆಯ ದಿನ ಎರಡು ಸತ್ತವು.

ಸಂಜೆ ಅವನು ಕೊಡ ಎತ್ತಿಕೊಂಡು ಬಾನಿಯ ಮೇಲೆ ಬಗ್ಗಿದ. ಇದ್ದಕ್ಕಿದ್ದಂತೆ ಹೊರಸಿನಿಂದ ಎಡಗೈಯೊಂದು ಬೀಸಿ ಬಂದು ಕೊಡಕ್ಕೆ ಬಡಿಯಿತು. ಕೊಡ ಠಣ್ಣನೆ ನೆಲಕ್ಕೆ ಬಿದ್ದು ಉರುಳಿತು. ಹಾಸಿಗೆಯೆಲ್ಲ ನೀರು.

"ಇದೇನ ಸಿಟ್ಟು ಕಾಕಾ?" ಅಡವಯ್ಯನಿಗೆ ಅಳು ಬರುವಂತಾಯಿತು. "ನಿನ್ನ ಸಲುವಾಗಿನ ಮಾಡಾಕತ್ತೀನಿ!"

ದುರುಗಪ್ಪ ಬಾಯಿ ಸೊಟ್ಟ ಮಾಡಿ ಏನೋ ಅನ್ನಲು ನೋಡಿದ. ಜೊಲ್ಲು ಮಾತ್ರ ಇಳಿಯಿತು. ಕೈಯನ್ನು ಮತ್ತೆ ಕೊಡದ ಕಡೆ ಚಾಚಿದ.

ಇವನಿಗೆ ತಲೆ ಕೆಡುತ್ತಿದೆ ಅಂದುಕೊಂಡ ಅಡವಯ್ಯ. ಹಾಸಿಗೆ ಬದಲಿಸಿದ. ಆಮೇಲೆ ಹೊರಸನ್ನು ಬಾನಿಯಿಂದ ಒಂದು ಮಾರು ದೂರಕ್ಕೆ ಸರಿಸಿದ. ಕೈ ನಿಲುಕದಷ್ಟು ದೂರ.

ಅಜ್ಜ ಬಾಗಿಲಲ್ಲಿ ನಿಂತಿದ್ದರು.

"ಹೊರಸು ಯಾಕ ಸರಿಸಿದಿ?"

"ಕೊಡಕ್ಕ ಕೈ ಹಾಕ್ತಾನ್ರಿ."

"ಯಾಕ?"

"ಸಿಟ್ರಿ. ಈ ರೋಗದಾಗ ಹಂಗ ಆಗ್ತೈತಿ."

"ಅಂತ ಅಂವ ಅಂದನೇನು?"

"ಅಂವಗ ಮಾತೆಲ್ಲಿ ಬರ್ತೈತ್ರಿ?"

ಅಜ್ಜ ಒಳಗೆ ಬಂದರು. ಉರುಳಿ ಬಿದ್ದ ಕೊಡವನ್ನು ಎತ್ತಿ ನಿಲ್ಲಿಸಿ ಹೋದರು.

ಮತ್ತೆರಡು ದಿನಕ್ಕೆ ನಾಲ್ಕನೆಯ ಏಡಿಯೂ ಹೋಯಿತು. ಉಳಿದದ್ದು ಒಂದೇ, ಎಲ್ಲಕ್ಕಿಂತ ಸಣ್ಣದು. ಅದು ದಂಡೆಯ ತುದಿಗೆ ಹತ್ತಿ ಒಂದೆಲಗದ ಬುಡದಲ್ಲಿ ಅಲುಗಾಡದೆ ಕುಳಿತಿತ್ತು. ನೀರಿಗೆ ಇಳಿಯುತ್ತಿರಲಿಲ್ಲ. ಹಾಕಿದ ಅನ್ನದ ಅಗುಳೂ ಹಾಗೇ ಉಳಿಯುತ್ತಿತ್ತು.

ದುರುಗಪ್ಪ ಮತ್ತೆ ಗೋಡೆಯ ಕಡೆ ತಿರುಗಿದ. ಗಂಜಿ ಬಾಯಿಗಿಟ್ಟರೆ ಕಟಬಾಯಿಯಿಂದ ಹೊರಗೆ ಹರಿಯುತ್ತಿತ್ತು. ಒಂದು ದಿನ ಹೋಯಿತು. ಇನ್ನೊಂದು ದಿನ ಹೋಯಿತು. ತುಟಿ ಒಡೆದು ಬಿಳಿಚಿಕೊಂಡಿತು. ಅಡವಯ್ಯ ನಾಡಿ ಹಿಡಿದು ನೋಡಿದ. ಸಿಕ್ಕಿತೋ ಇಲ್ಲವೋ ಅನ್ನುವಂತಿತ್ತು.

ಅವನು ಓಡಿಹೋಗಿ ಅಜ್ಜನ ಮುಂದೆ ಕುಸಿದು ಕುಳಿತ.

"ಎಲ್ಲಾ ಮಾಡಿದೆ ಅಜ್ಜಾರ. ದಿನಾ ಎರಡು ಸರತಿ ನೀರು ಬದಲಿಸಿದೆ. ಹೊಸಾ ಸೊಪ್ಪು ಹಾಕಿದೆ. ಗಡಿಗಿ ಹೋಳು ತೊಳದೆ. ಆದ್ರೂ ಸಾಯ್ತಾವು. ಅವಕ್ಕ ಬಾಯಿ ಇಲ್ಲ, ಏನಾಗ್ತೈತಿ ಅಂತ ಹೇಳೂದಿಲ್ಲ. ನಾ ಏನ ಮಾಡ್ಲಿ?"

"ಹೇಳಿದ್ರ ನಿನಗ ಕೇಳಸ್ತಿತ್ತೇನು?"

ಅಡವಯ್ಯ ತಲೆ ಎತ್ತಿದ.

ಅಜ್ಜ ಹೆಗಲ ಮೇಲಿನ ಅರಿವೆಯ ಚೌಕ ತೆಗೆದರು. ಅವನ ಬಲಗೈಯನ್ನು ಮೈಗೆ ಒತ್ತಿ ಹಿಡಿದು, ಚೌಕದಿಂದ ಬಿಗಿಯಾಗಿ ಕಟ್ಟಿದರು. ಬಾನಿಯ ಈಚೆ ಬದಿಗೆ ಇನ್ನೊಂದು ಹೊರಸು ಹಾಕಿದರು.

"ಮಲಕ್ಕೋ. ಏಳಬ್ಯಾಡ. ನಾ ಬಿಡು ಅನ್ನೂತನ ಒಂದು ಮಾತೂ ಆಡಬ್ಯಾಡ."

"ಅಜ್ಜಾರ, ಈಗೇನ್ರಿ ಇದು? ಆ ಒಂದು ಏಡಿನೂ ಹೋದ್ರ ನಾಳಿಗೆ ಕಾಕಾ ಉಳಿಯೂದಿಲ್ಲ! ನೀರು ಬದಲಿಸಬೇಕು, ಗಂಜಿ ಕಾಸಬೇಕು..."

"ಎಲ್ಲಾ ನಾ ಮಾಡ್ತೀನಿ. ನೀ ಹೆಂಗ ಮಾಡ್ತಿದ್ದಿ, ಹಂಗ ಮಾಡ್ತೀನಿ. ಒಂದು ಚೂರೂ ಬಿಡೂದಿಲ್ಲ."

ಏಳು ವರ್ಷದಲ್ಲಿ ಅಡವಯ್ಯ ಅಜ್ಜನ ಮಾತು ಮೀರಿದ್ದಿಲ್ಲ. ಮಲಗಿದ.

ಅಜ್ಜ ಕೊಡ ತಂದರು. ಬಾನಿಯ ನೀರು ತೋಡಿ, ಹೊಸ ನೀರು ಹೊಯ್ದರು. ನೀರು ಬಿದ್ದ ಸಪ್ಪಳಕ್ಕೆ ಸಣ್ಣ ಏಡಿ ಇನ್ನೂ ಮೇಲಕ್ಕೆ ಸರಿದು ಕಲ್ಲಿಗೆ ಒತ್ತಿಕೊಂಡಿತು.

ಆಮೇಲೆ ಗಂಜಿ ತಂದರು. ದುರುಗಪ್ಪನ ಬಾಯಿಗಿಟ್ಟರು. ಅದು ಹರಿದು ಹೋಯಿತು. ಒರೆಸಿದರು. ಅಡವಯ್ಯನ ಬಾಯಿಗಿಟ್ಟರು. ಸುಡುಸುಡು ಗಂಜಿ. ನಾಲಿಗೆ ಚುರ್ ಎಂದಿತು. ಅವನು ಮುಖ ತಿರುಗಿಸಿದ.

"ಹಸಿವಿಲ್ಲ ಕಾಣ್ತೈತಿ," ಅಂದು ಅಜ್ಜ ಗಂಜಿ ತೆಗೆದುಕೊಂಡು ಹೋಗಿಬಿಟ್ಟರು.

ಅಡವಯ್ಯನಿಗೆ ಹಸಿವೆಯಿಂದ ಹೊಟ್ಟೆ ಚುರುಗುಟ್ಟುತ್ತಿತ್ತು. ಮೊಣಕಾಲ ಮೇಲೆ ಇರುವೆ ಹರಿಯುತ್ತಿತ್ತು. ಕರೆಯುವಂತಿಲ್ಲ. ಮೇಲೆ ಮಾಡಿನ ಹಂಚು ನೋಡಿದ, ಬಾಗಿಲು ನೋಡಿದ. ಬೇರೇನೂ ಇಲ್ಲದ್ದರಿಂದ ಬಾನಿ ನೋಡತೊಡಗಿದ. ಮಲಗಿದವನ ಕಣ್ಣಿಗೆ ಬಾನಿಯ ಅಂಚು ಸರಿಸಮ. ನಿಂತು ಬಗ್ಗಿ ನೋಡುವಾಗ ಕಾಣದ ದಂಡೆ ಈಗ ಬಿದಿರ ಜಾಲರಿಯ ಸಂದಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಏಡಿ ಕೆಳಗಿಳಿಯಿತು. ನೀರಿನ ಅಂಚಿಗೆ ಬಂದು ಒಂದು ಕಾಲು ಅದ್ದಿತು. ತಟ್ಟನೆ ತೆಗೆದುಕೊಂಡಿತು. ಇನ್ನೊಂದು ಕಡೆ ಹೋಗಿ ಮತ್ತೆ ಅದ್ದಿತು. ಮತ್ತೆ ತೆಗೆದುಕೊಂಡಿತು. ತಿರುಗಿ ಒಂದೆಲಗದ ಬುಡಕ್ಕೆ ಹೋಗಿ ಕುಳಿತಿತು.

ನೀರಿಗೇ ಹೆದರುತ್ತಿದೆಯಲ್ಲ, ನೀರಿನ ಪ್ರಾಣಿ ನೀರಿಗೆ ಹೆದರಿದರೆ ಅದರ ಕಾಲ ಮುಗಿಯಿತು ಅಂದುಕೊಂಡ ಅಡವಯ್ಯ. ಕಣ್ಣು ತೇವವಾಯಿತು.

ಮಧ್ಯಾಹ್ನ ಮಳೆ ಬಂತು. ಪಡಸಾಲೆಯ ಒಂದು ಹಂಚು ಒಡೆದಿತ್ತು. ಅಲ್ಲಿಂದ ಹನಿಹನಿಯಾಗಿ ನೀರು ಸೋರಿ, ಜಾಲರಿ ದಾಟಿ, ಬಾನಿಯ ದಂಡೆಯ ಮೇಲೆ ಬಿದ್ದು ಬೊಗಸೆಯಷ್ಟು ಕುಣಿ ಮಾಡಿತು. ಕುಣಿಯಲ್ಲಿ ರಾಡಿ ನಿಂತಿತು.

ಸಣ್ಣ ಏಡಿ ಹೊರಗೆ ಬಂತು. ಕುಣಿಯ ಹತ್ತಿರ ಹೋಗಿ ಕಾಲು ಅದ್ದಿತು. ತೆಗೆಯಲಿಲ್ಲ. ಇನ್ನೊಂದು ಕಾಲು ಇಟ್ಟಿತು. ಇಡೀ ಮೈಯನ್ನು ರಾಡಿಯಲ್ಲಿ ಇಳಿಸಿ ಕುಳಿತಿತು. ಬಾಯಿಯ ಹತ್ತಿರ ಸಣ್ಣ ಸಣ್ಣ ಗುಳ್ಳೆ ಬಂದವು.

ಅಡವಯ್ಯ ಎವೆಯಿಕ್ಕದೆ ನೋಡಿದ. ಹಾಗಾದರೆ ಅದಕ್ಕೆ ನೀರಿನ ಹೆದರಿಕೆಯಲ್ಲ. ಆ ನೀರಿನ ಹೆದರಿಕೆ.

ಆ ನೀರಿಗೇನಾಗಿದೆ?

ಹೊತ್ತು ಇಳಿಯಿತು. ಬಾನಿಯ ಈಚೆ ಮಲಗಿದವನಿಗೆ ತೆರೆದ ಬಾಗಿಲಿನಿಂದ ಹೊಳೆಯ ದಂಡೆಯ ಒಂದು ತುಣುಕು ಕಾಣುತ್ತಿತ್ತು. ಅಜ್ಜ ತಿಕ್ಕುವ ಕಲ್ಲಿನ ಮೇಲೆ ಕುಳಿತು ಕೊಡಕ್ಕೆ ಹುಣಸೆಹಣ್ಣು ಹಚ್ಚುತ್ತಿದ್ದರು, ಥೇಟ್ ಅಡವಯ್ಯ ಹಚ್ಚುತ್ತಿದ್ದ ಹಾಗೆ. ಕಲ್ಲಿನಿಂದ ಹಸಿರು ಮಿಶ್ರಿತ ಕೊಳೆ ಇಳಿದು ಹೊಳೆಗೆ ಸೇರುತ್ತಿತ್ತು.

ಆ ಕಲ್ಲಿನ ಹತ್ತಿರ ತಾನು ಏಡಿ ಹುಡುಕಿದ್ದು ಅವನಿಗೆ ನೆನಪಾಯಿತು. ಒಂದೂ ಸಿಕ್ಕಿರಲಿಲ್ಲ.

ಬಾನಿಗೆ ತಾನು ದಿನಾ ಹೊಯ್ದದ್ದೂ ಅದೇ ಕೊಡದ ನೀರು.

ಅಜ್ಜ ಆ ದಿನ ಎರಡು ಕೊಡ ಸಿದ್ಧ ಮಾಡಿದ್ದರು. ಬೆಳಗಿದ್ದನ್ನು ಅಲ್ಲೇ ಬಿಟ್ಟು, ಬೆಳಗಿನಿಂದ ತುಂಬಿಟ್ಟಿದ್ದ ಇನ್ನೊಂದನ್ನು ಸೊಂಟದ ಮೇಲಿಟ್ಟುಕೊಂಡು ಪಡಸಾಲೆಗೆ ಬಂದರು. ಜಾಲರಿ ಸರಿಸಿದರು. ಏಡಿ ಇನ್ನೂ ಮಳೆನೀರಿನ ಕುಣಿಯಲ್ಲೇ ಇತ್ತು. ಅಜ್ಜ ನೋಡಲಿಲ್ಲವೋ, ನೋಡಿಯೂ ನೋಡದ ಹಾಗಿದ್ದರೋ, ಕೊಡವನ್ನು ಸರಿಯಾಗಿ ಅದರ ಮೇಲೆಯೇ ಬಗ್ಗಿಸಿದರು.

ಬ್ಯಾಡ ಎಂದು ಕೂಗಬೇಕು. ಮಾತಿಗೆ ಅಪ್ಪಣೆಯಿಲ್ಲ. ಗಂಟಲಿನಿಂದ ಒಂದು ಒರಟು ಸದ್ದು ಹೊರಟಿತು. ಅಜ್ಜ ತಿರುಗಲಿಲ್ಲ. ಕೊಡದ ಬಾಯಿಗೆ ನೀರು ಬಂದೇಬಿಟ್ಟಿತು.

ಅಡವಯ್ಯ ಇದ್ದಬದ್ದ ಬಲವೆಲ್ಲ ಹಾಕಿ ಎಡಗೈ ಬೀಸಿದ.

ಕೊಡ ಠಣ್ಣನೆ ನೆಲಕ್ಕೆ ಬಿದ್ದು ಉರುಳಿತು. ಹಾಸಿಗೆಯೆಲ್ಲ ನೀರು.

"ಇದೇನ ಸಿಟ್ಟು ತಮ್ಮಾ?" ಅಂದರು ಅಜ್ಜ. "ನಿನ್ನ ಸಲುವಾಗಿನ ಮಾಡಾಕತ್ತೀನಿ."

ಅಡವಯ್ಯ ಬಾನಿಯ ಆಚೆ ನೋಡಿದ. ಕೊಡದ ಸದ್ದಿಗೆ ದುರುಗಪ್ಪ ಗೋಡೆ ಬಿಟ್ಟು ಈಕಡೆ ತಿರುಗಿದ್ದ. ಅವನ ಎಡಗೈ ಹಾಸಿಗೆಯಿಂದ ಒಂದು ಗೇಣು ಮೇಲೆದ್ದು ಕೊಡದ ಕಡೆ ಚಾಚಿತ್ತು.

ಅಡವಯ್ಯ ಅತ್ತ. ಸಣ್ಣ ಹುಡುಗರ ಹಾಗೆ, ಸದ್ದು ಮಾಡಿ ಅತ್ತ.

ಅಜ್ಜ ಬಂದು ಚೌಕ ಬಿಚ್ಚಿದರು. "ಬಿಡು," ಅಂದರು. "ಈಗ ಮಾತಾಡು."

ಅಡವಯ್ಯನಿಗೆ ಮಾತಾಡಬೇಕಾಗಿದ್ದದ್ದು ದುರುಗಪ್ಪನ ಹತ್ತಿರ. ಎದ್ದುಹೋಗಿ ದುರುಗಪ್ಪನ ಹೊರಸನ್ನು ಎಳೆದು ಮತ್ತೆ ಬಾನಿಗೆ ತಾಗಿಸಿದ. ಹೊರಸಿನ ಪಕ್ಕ ನೆಲಕ್ಕೆ ಕುಳಿತು ಆ ಎಡಗೈ ಹಿಡಿದುಕೊಂಡ.

"ಕಾಕಾ, ನಾ ಕೇಳ್ತೀನಿ. ಹೌದಂದ್ರ ಬೆರಳು ಒತ್ತು."

ದುರುಗಪ್ಪ ಅವನನ್ನೇ ನೋಡುತ್ತಿದ್ದ.

"ತಾಮ್ರೇನು?"

ಬೆರಳು ಒತ್ತಿತು.

"ತಿಕ್ಕೂ ಕಲ್ಲಿನ ಬಾಜೂಕ ಏಡಿ ಇರೂದಿಲ್ಲ. ಇದಕ್ಕೇನು?"

ಮತ್ತೆ ಒತ್ತಿತು, ಈ ಸಲ ಗಟ್ಟಿಯಾಗಿ. ನಲವತ್ತು ವರ್ಷ ಆ ದಂಡೆಗೆ ಹರಿಗೋಲು ತಾಗಿಸಿದ ಕೈ ಅದು.

"ಹೊಳಿ ಕೆಂಪು ನೀರ ನಡೀತೈತೇನು?"

ಒತ್ತಿತು.

"ಈ ಮರಳು ಇರಲೇನು?"

ಒತ್ತಲಿಲ್ಲ.

"ತೆಗಿಲೇನು? ಎಲ್ಲಾ?"

ಒತ್ತಿತು.

ಕತ್ತಲಾಗುವುದರೊಳಗೆ ಅಡವಯ್ಯ ಬಾನಿ ಬರಿದು ಮಾಡಿದ. ಏಡಿಯನ್ನು ಅದರ ಕುಣಿಯ ಮಣ್ಣಿನ ಸಮೇತ ಎತ್ತಿ ಗಡಿಗೆಯಲ್ಲಿಟ್ಟ. ಹಳೆಯ ಮರಳನ್ನು ದೂರ ಒಯ್ದು ಸುರಿದ. ಮಣ್ಣಿನ ಗಡಿಗೆಯಲ್ಲಿ ಹೊಳೆಯ ರಾಡಿ ನೀರು ತಂದು ಬಾನಿಯನ್ನು ಮೂರು ಸಲ ತೊಳೆದ. ಜೊಂಡಿನ ಬುಡದ ಮರಳು ತಂದು ದಂಡೆ ಕಟ್ಟಿದ. ಒಂದೊಂದು ಕೆಲಸಕ್ಕೂ ದುರುಗಪ್ಪನ ಬೆರಳು ಹಿಡಿದು ಕೇಳಿದ. ಕಲ್ಲು ಇಲ್ಲೋ ಅಲ್ಲೋ, ನೀರು ಇಷ್ಟೋ ಅಷ್ಟೋ. ಎರಡು ಸಲ ಬೆರಳು ಒತ್ತದೆ ಉಳಿಯಿತು. ಎರಡು ಸಲವೂ ಕಿತ್ತು ಮತ್ತೆ ಮಾಡಿದ.

ಕೊನೆಗೆ ಏಡಿಯನ್ನು ದಂಡೆಯ ಮೇಲೆ ಬಿಟ್ಟ. ಅದು ಅಲುಗಾಡಲಿಲ್ಲ. ಇಬ್ಬರೂ ನೋಡುತ್ತಿದ್ದಂತೆ ಕತ್ತಲಾಯಿತು.

ಬೆಳಕು ಹರಿಯಿತು. ಏಡಿ ಬಿಟ್ಟಲ್ಲಿಯೇ ಇತ್ತು.

ಅಡವಯ್ಯ ಗಂಜಿ ಕಾಸಿ, ಆರಿಸಿ, ತನ್ನ ತುಟಿಗೆ ತಾಗಿಸಿ ಬಿಸಿ ನೋಡಿ ತಂದ. ದುರುಗಪ್ಪ ತಟ್ಟೆಯ ಕಡೆ ನೋಡಲೇ ಇಲ್ಲ. ಅವನ ಕಣ್ಣು ಬಾನಿಯಲ್ಲಿತ್ತು. ಒಡೆದ ತುಟಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಕಾಕಾ, ಒಂದ ಒಂದು ಗುಟುಕು."

ಇಲ್ಲ.

ಬಿಸಿಲು ಬಾಗಿಲು ದಾಟಿ ಬಾನಿಯವರೆಗೆ ಬಂತು. ಆಗ ಏಡಿ ಒಂದು ಕಾಲು ಎತ್ತಿತು. ಅಡ್ಡಡ್ಡಲಾಗಿ ನಾಲ್ಕು ಹೆಜ್ಜೆ ಇಟ್ಟು ನೀರಿನ ಅಂಚಿಗೆ ಬಂತು. ಕಾಲು ಅದ್ದಿತು. ನಿಂತಿತು.

ಅಡವಯ್ಯ ತಟ್ಟೆ ಹಿಡಿದೇ ಬಾನಿಯ ಕಡೆ ಬಗ್ಗಿದ.

ಏಡಿ ಕೆಂಪು ನೀರೊಳಗೆ ಇಳಿದು ಕಾಣದಾಯಿತು.

ಆಮೇಲೆ ನಡೆದದ್ದಕ್ಕೆ ಅಡವಯ್ಯ ಸಿದ್ಧನಿರಲಿಲ್ಲ. ದುರುಗಪ್ಪ ಎಡಗೈ ಚಾಚಿ ತಟ್ಟೆಗೆ ಬೆರಳು ಅದ್ದಿದ. ಗಂಜಿಯಲ್ಲಿದ್ದ ಅಗುಳು ಹುಡುಕಿ ತೆಗೆದ. ನಾಲ್ಕು ಅಗುಳನ್ನು ಬಾನಿಗೆ ಹಾಕಿದ. ಮತ್ತೆ ಬೆರಳು ಅದ್ದಿ, ಉಳಿದದ್ದನ್ನು ತನ್ನ ಬಾಯಿಗೆ ಇಟ್ಟುಕೊಂಡ. ಅರ್ಧ ಗಡ್ಡಕ್ಕೆ ಸುರಿಯಿತು. ಅರ್ಧ ನುಂಗಿದ.

ಹನ್ನೊಂದು ತುತ್ತು ಉಂಡನೋ ಹನ್ನೆರಡೋ, ಅಡವಯ್ಯ ಎಣಿಸುವುದನ್ನೇ ಮರೆತಿದ್ದ.

ಅವನು ಅಜ್ಜನ ಹತ್ತಿರ ಹೋದ. ಅಜ್ಜ ಜಗಲಿಯ ಮೇಲೆ ಕುಳಿತು ಬಜೆ ತೇಯುತ್ತಿದ್ದರು. ಹೆಗಲ ಮೇಲೆ ಚೀಲ ಇರಲಿಲ್ಲ. ಅಡವಯ್ಯ ಅದನ್ನು ಗಮನಿಸುವ ಸ್ಥಿತಿಯಲ್ಲೂ ಇರಲಿಲ್ಲ.

"ತಾಮ್ರದ ವಿಷಯ ನಿಮಗ ಮೊದಲ ಗೊತ್ತಿತ್ತೇನ್ರಿ ಅಜ್ಜಾರ?"

"ಇಲ್ಲ."

"ಮತ್ತ ನನ್ನ ಯಾಕ ಮಲಗಿಸಿದ್ರಿ?"

"ಹೊಳಿ ಬಲ್ಲವ ಈ ಮನಿಯಾಗ ಒಬ್ಬನ ಇದ್ದ. ಅಂವ ಮಲಗಿದ್ದ."

ಅಡವಯ್ಯ ತಲೆ ತಗ್ಗಿಸಿದ.

"ನಾಲ್ಕು ಜೀವಾ ತಗದೆ. ಕಾಕಾನ್ನ ಸಾವಿನ ದಂಡಿಗೆ ತಂದೆ. ಅಂವ ಕೈ ಚಾಚಿ ಹೇಳಿದ್ರ ಹೊರಸು ಸರಿಸಿದೆ. ನನಗ ಚೀಲ ಬ್ಯಾಡ್ರಿ. ಅರಿಯೂದು ಕುಟ್ಟೂದು ಇಷ್ಟ ಸಾಕು."

ಅಜ್ಜ ತೇಯುವುದು ನಿಲ್ಲಿಸಲಿಲ್ಲ.

"ಹೊರಗ ಒಬ್ಬಾಕಿ ಮಗಳನ್ನ ಕರಕೊಂಡು ಬಂದು ಕುಂತಾಳ. ಮೂರು ದಿನದ ಜ್ವರ. ಹೋಗಿ ನೋಡು."

"ನಾನಾ?" ಅಡವಯ್ಯ ಗಾಬರಿಯಾದ. "ಚೀಲ ಎಲ್ಲೈತ್ರಿ?"

"ದುರುಗಪ್ಪನ ತಲಿದಿಂಬಿನ ಕೆಳಗ ಇಟ್ಟೀನಿ," ಅಂದರು ಅಜ್ಜ. "ಅಂವನ್ನ ಕೇಳಿ ತಗೋ."